ಗಾಳಿಯ ಕಣ್ಣಿನ ಪಕ್ಕದ ಸೀಟು

ನಮ್ಮ ಶಾಲೆಯ ಎಂಟನೇ ತರಗತಿಯ ಕರಿಹಲಗೆಯ ಬಲ ಮೂಲೆಯಲ್ಲಿ ಒಂದು ಚೌಕವಿದೆ. ಅದು ನನ್ನದು. ಗಣಿತದ ಸರ್ ಹಲಗೆ ತುಂಬ ಲೆಕ್ಕ ಬಿಡಿಸಿದರೂ ಆ ಚೌಕಕ್ಕೆ ಕೈ ಹಚ್ಚುವುದಿಲ್ಲ. ಒಮ್ಮೆ ಹಚ್ಚಿದ್ದರು, ಆಮೇಲೆ ಒಂದು ವಾರ ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ದಿನಕ್ಕೊಂದು ಇಂಗ್ಲಿಷ್ ಶಬ್ದ ಅಲ್ಲಿ ಬರೆಯುತ್ತೇನೆ. ಕೆಳಗೆ ಮೂರು ಸಾಲು: ಅರ್ಥ, ಹುಟ್ಟು, ಬಳಕೆ. ಅರ್ಥವನ್ನು ಮಕ್ಕಳು ಸುಮ್ಮನೆ ಬರೆದುಕೊಳ್ಳುತ್ತಾರೆ. ಬಳಕೆ ಎಂದರೆ ವಾಕ್ಯ ಮಾಡಬೇಕು, ಹಾಗಾಗಿ ಎಲ್ಲರಿಗೂ ಒಮ್ಮೆಲೇ ಕೆಮ್ಮು ಬರುತ್ತದೆ. ಹುಟ್ಟಿನ ಕಥೆಯನ್ನು ಮಾತ್ರ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಪರೀಕ್ಷೆಯಲ್ಲಿ ಅದು ಬರುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಹಳಿಯಾಳದಿಂದ ಹನ್ನೆರಡು ಕಿಲೋಮೀಟರ್ ಆಚೆಯ ಹಳ್ಳಿಯ ಶಾಲೆ ಅದು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತ ಚೌಕದಲ್ಲಿ ‘ವಿಂಡೋ’ ಎಂದು ಬರೆದೆ. ಇದೇನು ಮಹಾ ಎಂದು ಮುಂದಿನ ಸಾಲು ಮೂಗು ಮುರಿಯಿತು. ಕಿಟಕಿ ಎನ್ನುವುದು ಯಾರಿಗೆ ಗೊತ್ತಿಲ್ಲ? ಅರ್ಥ ಮುಗಿಯಿತು. ಹುಟ್ಟಿಗೆ ಬಂದೆ. ಸಾವಿರ ವರ್ಷಗಳ ಹಿಂದೆ ಉತ್ತರದ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಜನರಿದ್ದರು. ಅವರ ಭಾಷೆಯಲ್ಲಿ ಗಾಳಿಗೆ ವಿಂಡ್, ಕಣ್ಣಿಗೆ ಔಗಾ. ಎರಡೂ ಕೂಡಿ ವಿಂಡೌಗಾ, ಅಂದರೆ ಗಾಳಿಯ ಕಣ್ಣು. ಗಾಜು ಎಲ್ಲರಿಗೂ ಸಿಗದ ಕಾಲ. ಹೊಗೆ ಹೊರಗೆ ಹೋಗಲಿ, ಗಾಳಿ ಒಳಗೆ ಬರಲಿ ಎಂದು ಬಿಟ್ಟ ತೂತಿಗೆ ಅವರು ಇಟ್ಟ ಹೆಸರು ಅದು. ಇಂಗ್ಲಿಷರಿಗೂ ಮೊದಲು ತಮ್ಮದೇ ಒಂದು ಶಬ್ದವಿತ್ತು, ಕಣ್ಣಿನ ತೂತು ಎಂಬ ಅರ್ಥದ್ದು. ಬಂದವರ ಶಬ್ದ ಉಳಿಯಿತು, ಇದ್ದವರದು ಹೋಯಿತು.

ನಮ್ಮಲ್ಲೂ ಹಾಗೇ ಎಂದೆ. ನಾವು ದಿನಾ ಅನ್ನುವ ಕಿಡಕಿ ಮರಾಠಿಯ ಕಡೆಯಿಂದ ಬಂದದ್ದು. ಬೆಳಕಿಂಡಿ ಅಪ್ಪಟ ನಮ್ಮದು. ಗವಾಕ್ಷಿ ಸಂಸ್ಕೃತದ್ದು, ಬಿಡಿಸಿದರೆ ಗೋವಿನ ಕಣ್ಣು. ಅಲ್ಲಿ ಗಾಳಿಗೆ ಕಣ್ಣು, ಇಲ್ಲಿ ಗೋವಿನ ಕಣ್ಣು, ಎಲ್ಲಿ ಹೋದರೂ ಮನುಷ್ಯ ಗೋಡೆಗೆ ಕಣ್ಣಿಟ್ಟಿದ್ದಾನೆ ಎಂದು ನಾನೇ ಮೆಚ್ಚಿಕೊಂಡು ಹೇಳುತ್ತಿದ್ದಾಗ, ಜೋಯಿಡಾ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿ ಕೈ ಎತ್ತಿದಳು.

“ಟೀಚರ್, ನಮ್ಮ ಮನಿಗಿ ಕಿಡಕಿನೇ ಇಲ್ರಿ. ಗ್ವಾಡಿ ತುಂಬ ಸಂದಿ ಅದಾವು. ಹಂಗಾದ್ರ ಗಾಳಿಗಿ ಎಷ್ಟ ಕಣ್ಣ ಆದುವ್ರಿ?”

ಉತ್ತರ ಹೊಳೆಯದಾಗ ಎಲ್ಲ ಶಿಕ್ಷಕರೂ ಮಾಡುವುದನ್ನೇ ಮಾಡಿದೆ, ಮುಂದಿನ ಸಾಲಿಗೆ ಹಾರಿದೆ. ಬಳಕೆ. ಕಿಟಕಿಯ ಉಪಯೋಗ ಏನು, ಒಂದೊಂದು ವಾಕ್ಯ ಹೇಳಿ ಎಂದೆ. ಹಿಂದಿನ ಬೆಂಚಿನಿಂದ ಯಾವಾಗಲೂ ಬಾಯಿ ಬಿಡದ ಒಬ್ಬಳು ತಟಕ್ಕನೆ ಹೇಳಿದಳು, “ಸೀಟ್ ಹಿಡಿಯಾಕ್ರಿ ಟೀಚರ್!”

ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ನಿಘಂಟಿನಲ್ಲಿ ಬೆಳಕು, ಗಾಳಿ ಎಂದು ಏನೇನೋ ಇದೆ, ನಮ್ಮ ಕಡೆಯ ಮೊದಲ ಉಪಯೋಗವೇ ಅದರಲ್ಲಿಲ್ಲ. ಬಸ್ಸು ನಿಲ್ದಾಣಕ್ಕೆ ಬರುತ್ತಿದ್ದಂತೆ ಅದರ ಜೊತೆ ಓಡಿ, ಕಿಟಕಿಯೊಳಗೆ ಟಾವೆಲ್, ಕರವಸ್ತ್ರ, ಕೊಡೆ, ಕೈಗೆ ಸಿಕ್ಕದ್ದನ್ನು ಸೀಟಿನ ಮೇಲೆ ಎಸೆದರೆ ಆ ಸೀಟು ಎಸೆದವರದು. ಎಲ್ಲೂ ಬರೆದಿಟ್ಟ ನಿಯಮವಲ್ಲ ಇದು. ಆದರೆ ನಮ್ಮ ತಾಲೂಕಿನಲ್ಲಿ ಇಷ್ಟು ಕಟ್ಟುನಿಟ್ಟಾಗಿ ನಡೆಯುವ ನಿಯಮ ಇನ್ನೊಂದಿದ್ದರೆ ನನಗೆ ಗೊತ್ತಿಲ್ಲ. ಕೈಯಲ್ಲಿ ಕೂಸಿದ್ದವರು ಕೂಡ ಟಾವೆಲ್ ಬಿದ್ದ ಸೀಟನ್ನು ನೋಡಿ ಮುಂದೆ ಹೋಗುತ್ತಾರೆ.

ಸಂಜೆ ಹಳಿಯಾಳದ ಮನೆಗೆ ಬಂದು ಅವ್ವನಿಗೆ ಇದೆಲ್ಲ ಹೇಳಿದೆ. ಮನೆಯಲ್ಲಿ ನಾವಿಬ್ಬರೇ. ನಾನು ಮದುವೆಯಾಗಲಿಲ್ಲ, ಯಾಕೆ ಆಗಲಿಲ್ಲ ಎಂದು ಅವ್ವ ಕೇಳುವುದನ್ನು ಬಿಟ್ಟೂ ಬಹಳ ವರ್ಷವಾಯಿತು. ಅಪ್ಪ ಹಳಿಯಾಳದ ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದವರು, ಈಗಿಲ್ಲ. ಆಗ ಅವ್ವನ ಎರಡೂ ಕಣ್ಣಿಗೆ ಮೋತಿಬಿಂದು ಆಪರೇಷನ್ ಆಗಿ ಕೆಲವೇ ವಾರ. ಒಲೆಯ ಮುಂದೆ ಕೂರಬಾರದು, ಧೂಳಿಗೆ ಹೋಗಬಾರದು, ಹೊರಗೆ ಹೊರಟರೆ ಕಪ್ಪು ಚಸಮಾ ಹಾಕಬೇಕು, ದಿನಕ್ಕೆ ನಾಲ್ಕು ಸಲ ಹನಿ ಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ಅವ್ವ ಚಸಮಾ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ಎದುರು ಮನೆಯ ಹಂಚು ಎಣಿಸುತ್ತಿದ್ದಳು. ಪೊರೆ ಹೋದ ಮೇಲೆ ಅವಳಿಗೆ ಅದೊಂದು ಹೊಸ ಆಟ.

ಗಾಳಿಯ ಕಣ್ಣು ಎಂದಾಗ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

“ಖರೇ ಇರಬೇಕು ತಂಗಿ,” ಅಂದಳು. “ಗಾಳಿಗಿ ಕಂಡಿದ್ದೀತು. ನನಗಂತೂ ಬಸ್ಸಿನ ಕಿಡಕಿಯಾಗಿಂದ ಏನೂ ಕಂಡಿಲ್ಲ.”

“ಯಾಕ? ಅಷ್ಟ ಸಲ ಉಳವಿಗಿ ಹೋಗಿ ಬಂದಿ?”

“ಹೋಗೇನಿ. ಕಿಡಕಿ ಕಡೆ ಯಾವಾಗ ಕುಂತೇನಿ?”

ನಾನು ಲೆಕ್ಕ ಹಾಕಲು ಕೂತೆ. ಪ್ರತಿ ವರ್ಷ ಉಳವಿಗೆ ದೇವರ ದರ್ಶನಕ್ಕೆ, ಅದರ ನಡುವೆ ದಾಂಡೇಲಿಗೆ ಮದುವೆ ಮುಂಜಿಗೆ, ಧಾರವಾಡಕ್ಕೆ ದವಾಖಾನೆಗೆ. ಮೂರು ಜನರ ಸೀಟಿನಲ್ಲಿ ಅಪ್ಪ ದಾರಿಯ ಕಡೆ, ಕಾಲು ಚಾಚಲು. ನಾನು ಕಿಟಕಿಯ ಕಡೆ, ಏಕೆಂದರೆ ನನಗೆ ಬಸ್ಸಿನಲ್ಲಿ ಹೊಟ್ಟೆ ತೊಳೆಸುತ್ತಿತ್ತು. ತಮ್ಮಂದಿರಿಬ್ಬರೂ ಸರದಿಯ ಮೇಲೆ ನನ್ನನ್ನು ನೂಕಿ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಅವ್ವ ಯಾವಾಗಲೂ ನಡುವೆ, ತೊಡೆಯ ಮೇಲೆ ಬುತ್ತಿಯ ಗಂಟು, ಗಂಟಿನ ಮೇಲೆ ಒಬ್ಬ ತಮ್ಮ. ಅವರು ದೊಡ್ಡವರಾದರು, ಮದುವೆಯಾದರು, ಅವರ ಮಕ್ಕಳು ಬಂದು ಕಿಟಕಿ ಹಿಡಿದವು. ನಾನಂತೂ ನಲವತ್ತೆಂಟು ವರ್ಷದವಳಾದರೂ ಹೊಟ್ಟೆಯ ಹೆಸರು ಹೇಳಿ ಇವತ್ತಿಗೂ ಅಲ್ಲೇ ಕೂರುತ್ತೇನೆ. ಅವ್ವ ಒಮ್ಮೆಯೂ ಕೇಳಿರಲಿಲ್ಲ, ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು. ಊರಿಗೆಲ್ಲ ಶಬ್ದದ ಹುಟ್ಟು ಹೇಳುವವಳಿಗೆ ಪಕ್ಕದ ಸೀಟಿನಲ್ಲಿ ಕೂತವಳ ಕಷ್ಟ ಗೊತ್ತಾಗಿರಲಿಲ್ಲ.

“ಹಂಗಾದ್ರ ಉಳವಿ ದಾರಿ ಹೆಂಗೈತಿ ಅಂತ ನಿನಗ ಗೊತ್ತೇ ಇಲ್ಲ?”

“ಗೊತ್ತಿಲ್ದ ಏನು? ದಾಂಡೇಲಿ ಬಂತಂದ್ರ ಬಸ್ಸು ಭಾಳ ಹೊತ್ತ ನಿಂದರ್ತೈತಿ. ಆಮ್ಯಾಲೆ ತಂಪು ಗಾಳಿ ಬಂತಂದ್ರ ಅಡವಿ. ನಿಮ್ಮಪ್ಪ ನನ್ನ ಮ್ಯಾಲೆ ಬಿದ್ರ ಎಡಕಿನ ತಿರುವು, ನೀ ಬಿದ್ರ ಬಲಕಿನ ತಿರುವು. ಮೂರು ಸಲ ಅವರು, ನಾಕು ಸಲ ನೀನು, ಜೋಯಿಡಾ ಬರ್ತೈತಿ.”

ಇಷ್ಟು ಹೇಳಿ ಅವ್ವ ಚಸಮಾ ತೆಗೆದು ಸೆರಗಿನಿಂದ ಒರೆಸಿದಳು. ಆಮೇಲೆ, ಪೇಟೆಗೆ ಹೊರಟವರ ಹತ್ತಿರ ಒಂದು ಪಾವು ಸಕ್ಕರೆ ತಾ ಎನ್ನುವ ಧಾಟಿಯಲ್ಲಿ, “ಈ ಸಲ ಉಳವಿಗಿ ಹೋಗೂಣು. ಒಂದ ಸಲ ನನ್ನ ಕಿಡಕಿ ಕಡೆ ಕುಂದ್ರಸ್ತಿಯೇನು?” ಅಂದಳು.

ಎಪ್ಪತ್ತೆರಡು ವರ್ಷದ ಹೆಂಗಸು ಮಗಳ ಹತ್ತಿರ ಬೇಡಿದ್ದು ಒಂದು ಬಸ್ಸಿನ ಸೀಟು. ಕೂರಿಸುತ್ತೇನೆ ಎಂದು ಮಾತು ಕೊಟ್ಟೆ. ಕಾರು ಮಾಡೋಣವೇ ಎಂದು ಕೇಳಿದ್ದಕ್ಕೆ ಬೈಸಿಕೊಂಡೆ. ಕಾರಿನ ಕಿಟಕಿ ಕಿಟಕಿಯಲ್ಲವಂತೆ, ಬಸ್ಸಿನದೇ ಬೇಕಂತೆ.

ಏಪ್ರಿಲ್ ರಜೆಯ ಮೊದಲ ಸೋಮವಾರ ಹೊರಟೆವು. ಸೋಮವಾರ ಬೇಡ, ಗದ್ದಲ ಎಂದು ನಾನು ಗೋಗರೆದೆ. ಉಳವಿಗೆ ಸೋಮವಾರ ಬಿಟ್ಟು ಯಾರು ಹೋಗುತ್ತಾರೆ ಎಂದು ಅವ್ವ. ಹೆಂಗಸರಿಗೆ ಟಿಕೆಟ್ ಉಚಿತವಾದಾಗಿನಿಂದ ನಮ್ಮ ನಿಲ್ದಾಣದಲ್ಲಿ ಎಲ್ಲ ವಾರವೂ ಸೋಮವಾರವೇ. ಬೆಳಿಗ್ಗೆ ಒಂಬತ್ತಕ್ಕೆ ಹೋದಾಗ ಕಾಲಿಡಲು ಜಾಗವಿರಲಿಲ್ಲ. ಅವ್ವನನ್ನು ಕ್ಯಾಂಟೀನ್ ಪಕ್ಕದ ಕಲ್ಲು ಬೆಂಚಿನ ನೆರಳಿನಲ್ಲಿ ಕೂರಿಸಿದೆ. ನೆರಳು ಸಿಕ್ಕಿದ್ದೇ ತಡ ಅವಳು ಚಸಮಾ ತೆಗೆದು ಚೀಲಕ್ಕೆ ಹಾಕಿದಳು. ಆ ಚೀಲದಲ್ಲಿ ರೊಟ್ಟಿ ಬುತ್ತಿ ಇತ್ತು, ಕಣ್ಣಿನ ಹನಿಯ ಸೀಸೆ ಇತ್ತು, ಒಂದು ಶಾಲು, ಟಾವೆಲ್ ಇತ್ತು. ನನ್ನ ಹೆಗಲ ಚೀಲದಲ್ಲಿ ಫೋನು, ಇಬ್ಬರ ಆಧಾರ್ ಕಾರ್ಡು.

ಅಷ್ಟರಲ್ಲಿ ಬಸ್ಸು ಬಂತು. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಉಳವಿ.

ನಮ್ಮ ನಿಲ್ದಾಣದಲ್ಲಿ ಬೋರ್ಡನ್ನು ಯಾರೂ ನಂಬುವುದಿಲ್ಲ. ಅದು ನಿನ್ನೆಯದೂ ಇರಬಹುದು, ಸಂಜೆಯದೂ ಇರಬಹುದು. ಹತ್ತುವವರು ಮೊದಲು ಕಂಡಕ್ಟರನನ್ನು ಕೇಳುತ್ತಾರೆ. ಅವನು ಹೇಳಿದ್ದು ಸರಿಯೇ ಎಂದು ಡ್ರೈವರನನ್ನು ಕೇಳುತ್ತಾರೆ. ಇಬ್ಬರೂ ಹೇಳಿದ್ದು ಸರಿಯೇ ಎಂದು ಶೇಂಗಾ ಮಾರುವವಳನ್ನು ಕೇಳಿ ಆಮೇಲೆ ಕಾಲಿಡುತ್ತಾರೆ. ನಾನು ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಓದಲು ಕಲಿಸುತ್ತಿರುವವಳು. ನಾನು ಬೋರ್ಡ್ ಓದಿದೆ.

ಸೀರೆಯ ನೆರಿಗೆ ಎತ್ತಿಕೊಂಡು ಓಡಿದೆ. ಬೇರೆ ಯಾರೂ ಓಡುತ್ತಿರಲಿಲ್ಲ, ಅದನ್ನು ನೋಡಿಯಾದರೂ ನಾನು ಎಚ್ಚರವಾಗಬೇಕಿತ್ತು. ಎಲ್ಲರಿಗಿಂತ ನಾನೇ ಚುರುಕು ಎಂದು ಹಿಗ್ಗಿದೆ. ಟಾವೆಲ್ ಹುಡುಕುತ್ತ ಕೂತರೆ ಸೀಟು ಹೋಗುತ್ತದೆ ಎಂದು ಅವ್ವನ ಇಡೀ ಚೀಲವನ್ನೇ ಬಲಗಡೆಯ ಮೂರನೇ ಕಿಟಕಿಯೊಳಗೆ ತೂರಿಸಿದೆ. ಬಿಸಿಲು ಬೀಳದ ಕಡೆ, ಚಕ್ರದ ಮೇಲೆ ಬಾರದ ಸಾಲು. ಚೀಲ ಕಿಟಕಿಗೆ ಒರಗಿ ನೆಟ್ಟಗೆ ಕೂತದ್ದನ್ನು ಕಣ್ಣಾರೆ ಕಂಡು ಅವ್ವನನ್ನು ಕರೆತರಲು ಹೊರಟೆ.

ಅವ್ವನನ್ನು ಎಬ್ಬಿಸಿ ಕೈ ಹಿಡಿದು ಗದ್ದಲದಲ್ಲಿ ದಾರಿ ಮಾಡಿಕೊಂಡು ಬರುವಷ್ಟರಲ್ಲಿ ಬಸ್ಸು ತುಂಬಿ ಹಿಂದಕ್ಕೆ ಸರಿಯುತ್ತಿತ್ತು. ತಿರುಗಿಸಿ ನಿಲ್ಲಿಸುತ್ತಾನೆ ಎಂದುಕೊಂಡೆ. ತಿರುಗಿಸಿದ, ನಿಲ್ಲಿಸಲಿಲ್ಲ. ಗೇಟು ದಾಟಿ ಹೋದ.

ನಾನು ಕೂಗಾಡುತ್ತ ಕಂಟ್ರೋಲರನ ಕಿಂಡಿಗೆ ಓಡಿದೆ. ನನ್ನ ಸಿಟ್ಟಿಗೆ ಊರಲ್ಲಿ ಹೆಸರಿದೆ, ಆವತ್ತು ಅದನ್ನು ಉಳಿಸಿಕೊಂಡೆ. ಉಳವಿ ಬಸ್ಸು ಜನರನ್ನು ಬಿಟ್ಟು ಹೋಯಿತು, ದೂರು ಬರೆದುಕೊಡುತ್ತೇನೆ, ಕಾಗದ ಕೊಡಿ ಎಂದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

“ಅಕ್ಕಾರ, ಅದು ಮುಂಡಗೋಡ ಗಾಡಿರಿ. ನಿನ್ನಿ ರಾತ್ರಿ ಉಳವಿಗಿ ವಸ್ತಿ ಹೋಗಿತ್ತು, ಬೋರ್ಡ್ ತಗಿಯೂದು ಮರತಾರ. ನೀವು ಬೋರ್ಡ್ ಓದಿ ಸೀಟ್ ಹಿಡಿದ್ರೇನು?”

ಕಿಂಡಿಯ ಸುತ್ತ ನಿಂತವರೆಲ್ಲ ನನ್ನ ಮುಖ ನೋಡಿದರು. ಓದು ಬಾರದ ಒಬ್ಬ ಹೆಂಗಸೂ ಆ ತಪ್ಪು ಮಾಡಿರಲಿಲ್ಲ.

ಅವಮಾನ ಒಂದು ಕಡೆ ಇರಲಿ. ಚಸಮಾ ಹೋಯಿತು, ಹನಿ ಹೋಯಿತು, ಕೊಟ್ಟ ಮಾತೂ ಹೋಯಿತು. ಅವ್ವ ಹಿಂದೆ ನಿಂತು ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡಿದ್ದಳು. ಅವಳನ್ನು ನೋಡಿ ಕಂಟ್ರೋಲರ್ ಫೋನು ತೆಗೆದು ಆ ಬಸ್ಸಿನ ಕಂಡಕ್ಟರನಿಗೆ ಹಚ್ಚಿದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು.

“ಚೀಲೇನ್ರಿ? ಐತಿ. ಮೂರನೇ ಸಾಲಿನ್ಯಾಗ ಕಿಡಕಿಗಿ ಆರಾಮ ಕುಂತೈತಿ,” ಎಂದು ಆ ಕಡೆಯ ಧ್ವನಿ. “ಹನ್ನೊಂದು ಮಂದಿ ನಿಂತಾರ, ಯಾರೂ ಅದನ್ನ ಎಬ್ಬಿಸಿಲ್ಲ. ಯಾರದು ಅಂತ ಕೇಳಿದ್ರ, ಯಾರೋ ಸೀಟ್ ಹಿಡದಾರ, ಬರ್ತಾರ ಅಂತಾರ. ಹೆಣಮಗಳ ಚೀಲ ಇದ್ದಂಗೈತಿ. ಸೊನ್ನಿ ಟಿಕೆಟ್ ಹರಿಯೂಣು ಅಂದ್ರ ಅದರ ಹಂತ್ಯಾಕ ಆಧಾರ್ ಕಾರ್ಡ್ ಇಲ್ಲ!”

ಕಿಂಡಿಯ ಮುಂದೆ ನಗುವೋ ನಗು. ನನಗೂ ಸಿಟ್ಟು ಹಿಡಿದಿಡಲು ಆಗಲಿಲ್ಲ. ಹೋಗುವವಳನ್ನು ಬಿಟ್ಟು ಚೀಲ ಹೊರಟಿದೆ, ಅದರ ಒಡತಿ ಬರುತ್ತಾಳೆಂದು ಕಾಲು ನೋಯಿಸಿಕೊಂಡು ನಿಂತ ಹನ್ನೊಂದು ಜನ ಸೀಟನ್ನು ಕಾಯುತ್ತಿದ್ದಾರೆ. ಬಸ್ಸು ಮೂರು ಗಂಟೆಗೆ ತಿರುಗಿ ಬರುತ್ತದೆ, ಬಂದ ಮೇಲೆ ಅದೇ ಬಸ್ಸು ಮೂರೂವರೆಗೆ ಉಳವಿಗೆ ವಸ್ತಿ ಹೋಗುತ್ತದೆ ಎಂದು ಕಂಟ್ರೋಲರ್ ಹೇಳಿದರು.

ಹನ್ನೊಂದಕ್ಕೆ ಇನ್ನೊಂದು ಉಳವಿ ಬಸ್ಸು ಬಂತು. ಈ ಸಲ ನಾನು ಕಂಡಕ್ಟರನನ್ನೂ ಡ್ರೈವರನನ್ನೂ ಶೇಂಗಾದವಳನ್ನೂ ಕೇಳಿದೆ. ಆಗಲೇ ಕಿಟಕಿಗಳೆಲ್ಲ ತುಂಬಿದ್ದವು. ನಡುವಿನ ಒಂದು ಸೀಟು ಮಾತ್ರ ಸಿಕ್ಕಿತು. ಹೇಗಾದರೂ ಹೋಗಿ ದರ್ಶನ ಮುಗಿಸೋಣ, ಬರುವಾಗ ಕಿಟಕಿ ನೋಡೋಣ ಎಂದು ಅವ್ವನಿಗೆ ಹೇಳಿದೆ. ಅವ್ವ ಮೆಟ್ಟಿಲ ಹತ್ತಿರ ಬಂದಳು, ಒಳಗೆ ಇಣುಕಿದಳು, ಹಿಂದೆ ಸರಿದಳು.

“ಕಿಡಕಿ ಇಲ್ದ ನಾ ಹತ್ತೂದುಲ್ಲ. ನನ್ನ ಸೀಟ್ ಮುಂಡಗೋಡಕ್ಕ ಹೋಗೈತಿ. ಬರ್ತೈತಿ.”

ಈ ಕಿಟಕಿಯ ಮಾತು ಏಳುವ ಮೊದಲು ಅವ್ವ ಯಾವುದನ್ನಾದರೂ ಬೇಡ ಎಂದದ್ದನ್ನು ನಾನು ಕೇಳಿದ ನೆನಪಿಲ್ಲ. ಹಳಸಿದ ಅನ್ನವನ್ನೂ ಇರಲಿ ಎನ್ನುವವಳು ಅವಳು.

ನಾಲ್ಕು ತಾಸು ಕಾದೆವು. ನಾನು ಫೋನಿನಲ್ಲಿದ್ದ ಡಾಕ್ಟರ ಚೀಟಿಯ ಫೋಟೋ ತೋರಿಸಿ ಔಷಧ ಅಂಗಡಿಯಿಂದ ಬೇರೆ ಹನಿ ತಂದೆ. ನಿಲ್ದಾಣದ ಬೆಂಚಿನ ಮೇಲೆ ಅವ್ವನ ತಲೆ ಹಿಂದೆ ಬಾಗಿಸಿ ಬಿಡುವಾಗ ಪಕ್ಕದ ನಾಲ್ವರು ಹೆಂಗಸರು ರೆಪ್ಪೆ ಹೇಗೆ ಎತ್ತಬೇಕೆಂದು ನನಗೆ ಕಲಿಸಿದರು. ರೊಟ್ಟಿ ಬಸ್ಸಿನಲ್ಲಿದ್ದುದರಿಂದ ಕ್ಯಾಂಟೀನಿನಲ್ಲಿ ಇಡ್ಲಿ ತಿಂದೆವು. “ನನ್ನ ರೊಟ್ಟಿ ಮುಂಡಗೋಡ ನೋಡಿ ಬರ್ತಾವು. ನಾ ಇನ್ನೂ ನೋಡಿಲ್ಲ,” ಎಂದು ಅವ್ವ ಇಡ್ಲಿ ಮುರಿದಳು. ಅವಳು ಖುಷಿಯಾಗಿಯೇ ಇದ್ದಳು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಹೋಗುವಾಗಿನ ಜನ ಸೀಟು ಬಿಟ್ಟಿರಬಹುದು, ಮುಂಡಗೋಡದಲ್ಲಿ ಬಸ್ಸು ಪೂರಾ ಖಾಲಿಯಾಗಿ ಬೇರೆ ಜನ ಹತ್ತುತ್ತಾರೆ, ಅವರಿಗೇನು ಗರಜು? ಮೇಲಾಗಿ ಇಲ್ಲಿ ಮೂರೂವರೆಯ ವಸ್ತಿ ಬಸ್ಸಿಗೆ ಎಂದು ಟಾವೆಲ್ ಹಿಡಿದ ಕೈಗಳು ಆಗಲೇ ಸಾಲಾಗಿ ನಿಂತಿದ್ದವು.

ಮೂರು ದಾಟಿದ ಮೇಲೆ ಬಸ್ಸು ಗೇಟಿನಲ್ಲಿ ತಿರುಗಿತು. ಮೂರನೇ ಕಿಟಕಿಯಲ್ಲಿ ನಮ್ಮ ಚೀಲ. ಅದರ ಪಕ್ಕ ಕೆಂಪು ಬಟ್ಟೆಯ ಒಬ್ಬ ವಯಸ್ಸಾದ ಲಾಮಾ, ಚೀಲದ ಮೇಲೆ ಕೈ ಇಟ್ಟುಕೊಂಡು. ಮುಂಡಗೋಡದ ಟಿಬೆಟಿಯನ್ನರ ಕಾಲೊನಿಯ ಹತ್ತಿರ ಹತ್ತಿದವರಂತೆ. ಸೀಟು ಯಾರೋ ಹಿಡಿದಿದ್ದಾರೆ ಎಂದು ಕಂಡಕ್ಟರ್ ಹೇಳಿದ್ದಕ್ಕೆ ತಲೆಯಾಡಿಸಿ, ತಿರುವಿನಲ್ಲಿ ಚೀಲ ಬೀಳಬಾರದೆಂದು ದಾರಿಯುದ್ದಕ್ಕೂ ಹಿಡಿದುಕೊಂಡೇ ಬಂದರಂತೆ. ಅವರು ಇಳಿಯುವಾಗ ನಾನು ಕೈ ಮುಗಿದೆ. ನಮ್ಮದೇ ಕನ್ನಡದಲ್ಲಿ, “ಚೀಲ ಭಾಳ ಶಾಣ್ಯಾ ಐತ್ರಿ. ಏನೂ ಮಾತಾಡ್ಲಿಲ್ಲ,” ಎಂದು ನಕ್ಕು ಹೋದರು.

ಆದರೆ ಅವರು ಏಳುವುದಕ್ಕೂ ಮೊದಲೇ ಕಿಟಕಿಗಳ ತುಂಬ ಟಾವೆಲ್ ಬಿದ್ದಿದ್ದವು. ನಾನು ನೂಕಿಕೊಂಡು ಒಳಗೆ ಹತ್ತಿ ನೋಡಿದರೆ ನಮ್ಮ ಚೀಲದ ನೆತ್ತಿಯ ಮೇಲೆ ಒಂದು ಹಸಿರು ಚೌಕಡಿಯ ಟಾವೆಲ್. ಅದರ ಒಡೆಯ, ದೊಡ್ಡ ಮೀಸೆಯ ಒಬ್ಬ ರೈತ, ನನ್ನ ಹಿಂದೆಯೇ ಬಂದು ಕೂರಲು ಅಣಿಯಾದ.

“ನಮ್ಮ ಚೀಲ ಮುಂಜಾನಿಂದ ಐತ್ರಿ,” ಎಂದೆ.

“ಇರ್ಲ್ರಿ ಅಕ್ಕಾರ. ಅದು ಮುಂಡಗೋಡ ಗಾಡಿಗಿ ಹಿಡದ ಸೀಟು. ಗಾಡಿ ಬಂತು, ಮಂದಿ ಇಳೀತು, ಆ ಹಿಡಿದದ್ದು ಮುಗೀತು. ಇದು ಉಳವಿ ಗಾಡಿ. ಇದಕ್ಕ ಮೊದ್ಲು ಬಿದ್ದದ್ದು ನನ್ನ ಟಾವೆಲ್.”

ಮಾತಿನಲ್ಲಿ ತೂಕವಿತ್ತು. ಬಸ್ಸಿನಲ್ಲಿ ಎರಡು ಪಕ್ಷವಾಯಿತು. ಬೋರ್ಡ್ ಬದಲಾದರೆ ಸೀಟೂ ಬದಲಾಗುತ್ತದೆ ಎಂದು ಹಿಂದಿನವರು. ಬೋರ್ಡ್ ಬದಲಾಗಿಯೇ ಇಲ್ಲ, ಮುಂಜಾನೆಯಿಂದ ಅದು ಉಳವಿಯೇ ಇದೆ ಎಂದು ಮುಂದಿನವರು. ಚೀಲ ಇಳಿದಿದ್ದರೆ ಮಾತು ಬೇರೆ, ಅದು ಇಳಿದೇ ಇಲ್ಲ ಎಂದು ಕಂಡಕ್ಟರ್. ನಾನು ಇಂಗ್ಲಿಷಿನಲ್ಲಿ ಒಂದೆರಡು ಮಾತು ಎಸೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಮೆಟ್ಟಿಲು ಹತ್ತಿ, ಸರಳು ಹಿಡಿಯುತ್ತ, ಒಬ್ಬೊಬ್ಬರನ್ನೇ ಸರಿಸುತ್ತ ಮೂರನೇ ಸಾಲಿಗೆ ಬಂದಳು. ಸೆರಗನ್ನು ಕಣ್ಣಿನಿಂದ ಸರಿಸಿದಳು.

“ತಮ್ಮಾ,” ಅಂದಳು, “ನಿನ್ನ ಟಾವೆಲ್ ಈಗ ಬಂದೈತಿ. ನನ್ನ ಚೀಲ ಆರು ತಾಸು ಕುಂತೈತಿ. ನಾ ಐವತ್ತ ವರ್ಷ ಕುಂತಿಲ್ಲ. ಯಾರದು ಮೊದ್ಲು, ನೀನಽ ಹೇಳು.”

ಆತ ಅವ್ವನ ಕಣ್ಣು ನೋಡಿದ, ಚೀಲ ನೋಡಿದ, ಟಾವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. “ನಿಮ್ದಽ ಮೊದ್ಲ್ರಿ ಅಜ್ಜಿ. ಕುಂದರ್ರಿ,” ಎಂದು ತಾನು ದಾರಿಯ ಕಡೆಯ ಸೀಟಿಗೆ ಕೂತ. ನಡುವಿನ ಸೀಟು ನನಗೆ ಉಳಿಯಿತು.

ಅವ್ವ ಕೂತಳು. ನಾನು ಚಸಮಾ ಹಾಕಿದೆ, ಧೂಳು ಬಾರದಂತೆ ಗಾಜು ಅರ್ಧ ಮುಚ್ಚಿದೆ, ಶಾಲು ಹೊದಿಸಿದೆ. ಅವಳಿಗೆ ಅದಾವುದರ ಕಡೆಗೂ ಗಮನವಿರಲಿಲ್ಲ. ಬಸ್ಸು ನಿಲ್ದಾಣದಲ್ಲೇ ನಿಂತಿತ್ತು, ಹೊರಗೆ ಕಾಣುತ್ತಿದ್ದದ್ದು ಒಂದು ಗೋಡೆ ಮತ್ತು ಮೂತ್ರಿಖಾನೆಗೆ ದಾರಿ ತೋರುವ ಬಾಣದ ಗುರುತು. ಅವ್ವ ಅದನ್ನೂ ಬಿಡದೆ ನೋಡಿದಳು.

ಹೊರಟ ಮೇಲೆ ಅವಳು ಕಿಟಕಿಗೆ ಮುಖ ಹಚ್ಚಿದಳು. ಊರ ಹೊರಗಿನ ಕಟಾವಾದ ಕಬ್ಬಿನ ಗದ್ದೆ, ದಾಂಡೇಲಿ ಪೇಟೆಯಲ್ಲಿ ಬಾಗಿಲ ಮುಂದೆ ಕೂದಲು ಒಣಗಿಸುವ ಹೆಂಗಸು, ಕಾಳಿ ಹೊಳೆಯ ಸೇತುವೆ, ಆಮೇಲೆ ಅಡವಿ. ತೇಗದ ಮರಗಳಲ್ಲಿ ಎಲೆ ಇರಲಿಲ್ಲ, ನಡುನಡುವೆ ಯಾವುದೋ ಮರ ಕೆಂಪಗೆ ಚಿಗುರಿ ನಿಂತಿತ್ತು. ನನಗೆ ಇದೆಲ್ಲ ಅವ್ವನ ಕಿವಿಯ ಸುತ್ತ ತುಣುಕು ತುಣುಕಾಗಿ ಕಾಣುತ್ತಿತ್ತು. ತೊಡೆಯ ಮೇಲೆ ಚೀಲ. ಎಡಕ್ಕೆ ತಿರುಗಿದರೆ ರೈತನ ಭುಜ ನನ್ನ ಮೇಲೆ, ಬಲಕ್ಕೆ ತಿರುಗಿದರೆ ಅವ್ವ. ಎದುರಿಗೆ ಸೀಟಿನ ಬೆನ್ನು, ಅದರ ಮೇಲೆ ಯಾರೋ ಕೆತ್ತಿದ ಹೃದಯ. ಐವತ್ತು ವರ್ಷ ಅವ್ವ ನೋಡಿದ ದೃಶ್ಯ ಇದು ಎಂದು ನನಗೆ ಗೊತ್ತಾಯಿತು.

ಜೋಯಿಡಾ ದಾಟಿ ಕುಂಬಾರವಾಡದ ಕಡೆ ಹೊರಳಿದಾಗ ನನ್ನ ಹೊಟ್ಟೆ ನಿಜಕ್ಕೂ ತಿರುಗತೊಡಗಿತು. ತಡೆದುಕೊಂಡೆ. ಬಾಯಲ್ಲಿ ನೀರೂರಿತು, ಹಣೆ ತಣ್ಣಗಾಯಿತು. ನಾಚಿಕೆ ಬಿಟ್ಟು ಹೇಳಿದೆ, “ಯವ್ವಾ, ಹೊಟ್ಟಿ ತೊಳಸಾಕತ್ತೈತಿ.”

ಅವ್ವ ತಿರುಗಿದಳು. ಚಸಮಾ ಮೇಲೆತ್ತಿ ನನ್ನ ಮುಖ ನೋಡಿದಳು. ಅವಳ ಕೈ ತಾನಾಗಿ ಮುಂದಿನ ಸೀಟಿನ ಸರಳಿಗೆ ಹೋಯಿತು, ಏಳುವಾಗ ಯಾವಾಗಲೂ ಹಿಡಿಯುವಂತೆ. ಅವಳು ದಾಟಲೆಂದು ನಾನು ಮೊಣಕಾಲು ಒಂದು ಕಡೆ ಸರಿಸಿಯೂ ಬಿಟ್ಟೆ. ಹೇಳಿಕೊಳ್ಳಲು ನಾಚಿಕೆ, ಆದರೆ ಸರಿಸಿದ್ದು ನಿಜ.

ಅವ್ವ ಸರಳಿನಿಂದ ಕೈ ತೆಗೆದಳು. ಸೊಂಟದ ಸಂಚಿ ಬಿಚ್ಚಿ ಒಂದು ಲವಂಗ ಹುಡುಕಿ ನನ್ನ ಬಾಯಿಗೆ ಇಟ್ಟಳು.

“ಕಣ್ಣ ಮುಚ್ಚಿ ಕುಂದರು. ಏನೇನ ಬರ್ತೈತಿ ನಾ ಹೇಳ್ತೇನಿ.”

ಮತ್ತೆ ಕಿಟಕಿಗೆ ತಿರುಗಿದಳು. ನಾನು ಕಣ್ಣು ಮುಚ್ಚಿದೆ. ಹೊಟ್ಟೆ ಸಂಕಟ ಹಾಗೇ ಇತ್ತು, ಆದರೆ ಒಳಗೆಲ್ಲೋ ಬಹಳ ಸಂತೋಷವಾಯಿತು. ಅವ್ವ ಕುಳಿತೇ ಇದ್ದಳು.

“ಮಂಗ್ಯಾ,” ಅಂದಳು ಅವ್ವ. “ನಿನ್ನಂಗ ಮಾರಿ ಸಣ್ಣದ ಮಾಡ್ಕೊಂಡು ಕುಂತೈತಿ.” ಸ್ವಲ್ಪ ಹೊತ್ತಿನ ಮೇಲೆ, “ಗದ್ದಿ ಬಂತು. ಹುಲ್ಲಿನ ಬಣವಿ.” ಆಮೇಲೆ, “ಹಳ್ಳ. ನೀರು ಭಾಳ ಇಲ್ಲ. ಒಬ್ಬಾಕಿ ಕೊಡಾ ತೊಳ್ಯಾಕತ್ತಾಳ. ಎದ್ದಳು. ಕೈ ಮಾಡಾಕತ್ತಾಳ ನೋಡು. ಯಾರಿಗಿ ಮಾಡ್ತಾಳ ಅಕಿ?”

“ನಿನಗಽ, ಯವ್ವಾ,” ಅಂದೆ, ಕಣ್ಣು ತೆರೆಯದೆ.

ಕಿಟಕಿಯ ಗಾಜು ಪೂರಾ ಸರಿದ ಸದ್ದು ಕೇಳಿಸಿತು, ಗಾಳಿ ಜೋರಾಗಿ ಮುಖಕ್ಕೆ ಬಡಿಯಿತು.

“ಅಜ್ಜೀ, ಕೈ ಒಳಗ ತಗೋರಿ!” ಎಂದು ಹಿಂದಿನಿಂದ ಕಂಡಕ್ಟರ್ ಕೂಗಿದ.

ಅವ್ವ ತೆಗೆದುಕೊಳ್ಳಲಿಲ್ಲ.